ಎಕಾನಮಿ ದರ್ಜೆಯ ಸೌಲಭ್ಯ ಕಡಿತದ ವಿರುದ್ಧ ಬೆಳಗಾವಿ–ಖಾನಾಪುರ ವಿಮಾನ ಪ್ರಯಾಣಿಕರ ಮನವಿ ಪತ್ರ

ಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ನವದೆಹಲಿ.

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಬೆಳಗಾವಿ.

ವಿಷಯ: ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಡುವ ವಿಮಾನಗಳ ಎಕಾನಮಿ ದರ್ಜೆಯಲ್ಲಿ ಕನಿಷ್ಠ ಸೌಲಭ್ಯಗಳನ್ನು ಕಡ್ಡಾಯಗೊಳಿಸುವ ಕುರಿತು.

ಮಾನ್ಯರೇ,

ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಪ್ರಯಾಣಿಕರಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ವಿಮಾನದ ಟಿಕೆಟ್ಟಿನೊಳಗೆ ಮೊದಲು ಸೇರಿರುತ್ತಿದ್ದ ಊಟ, ಸೀಟಿನ ಆಯ್ಕೆ, ಹೆಚ್ಚಿನ ಲಗೇಜು ಒಂದೊಂದಾಗಿ ಹೊರಬಿದ್ದಿವೆ. ಪ್ರತಿಯೊಂದಕ್ಕೂ ಈಗ ಬೇರೆ ಬೆಲೆ ಇದೆ. ಇಷ್ಟೆಲ್ಲ ಕಳೆದ ಮೇಲೂ ಟಿಕೆಟ್ಟಿನ ಹೊರೆ ಹಗುರಾಗಿಲ್ಲ. ನಮ್ಮ ಮುಖ್ಯ ದೂರು ಇದು.

ಕಡಿಮೆ ದರದ ವಿಮಾನಯಾನವನ್ನು ಈ ರಾಜ್ಯ ಮೊದಲೇ ಕಂಡಿದೆ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಉಚಿತ ಊಟ ಇರಲಿಲ್ಲ. ಆದರೆ ಊಟ ಬಿಟ್ಟ ಉಳಿತಾಯ ಪ್ರಯಾಣಿಕನ ಜೇಬಿಗೆ ಬಂದಿತ್ತು. ಜೀವನದಲ್ಲಿ ವಿಮಾನ ಹತ್ತದವರು ಹತ್ತಿದರು. ಅಂಥ ಕಡಿತಕ್ಕೆ ನಮ್ಮ ತಕರಾರಿಲ್ಲ. ಸೌಲಭ್ಯ ಮಾತ್ರ ಇಳಿದು ದರ ಇಳಿಯದಿದ್ದರೆ ಅದನ್ನು ಕಡಿಮೆ ದರದ ಸೇವೆ ಎನ್ನಲಾಗದು.

ಸಾಂಬ್ರಾದ್ದು 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ನಿಲ್ದಾಣ. 2017ರಲ್ಲಿ ಹೊಸ ಟರ್ಮಿನಲ್ ಬಂತು, 2019ರಲ್ಲಿ ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯ ಮೂರನೇ ಹಂತದಲ್ಲಿ ಬೆಳಗಾವಿಗೆ ಹಲವು ಮಾರ್ಗಗಳು ದಕ್ಕಿದವು. ಆ ಮಾರ್ಗಗಳಲ್ಲಿ ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇತ್ತು. ಸರ್ಕಾರದ ಮೂರು ವರ್ಷಗಳ ನೆರವು ಮುಗಿಯುತ್ತಿದ್ದಂತೆ ಮಾರ್ಗಗಳು ಕಡಿಮೆಯಾದವು. ಈಗ ಬೇರೆ ಊರುಗಳಿಗೆ ಹೋಗಲು ನಮಗೆ ಆಯ್ಕೆಯೇ ಕಡಿಮೆ. ಬೆಂಗಳೂರಿನವರು ಒಂದು ಕಂಪನಿ ಬೇಡವೆಂದರೆ ಇನ್ನೊಂದನ್ನು ಹಿಡಿಯುತ್ತಾರೆ. ನಾವು ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು. ಖಾನಾಪುರದವರಿಗೆ ಸಾಂಬ್ರಾವೇ ದೂರ. ಬೆಳಗಾವಿಗೆ 26 ಕಿ.ಮೀ., ಅಲ್ಲಿಂದ ಊರು ದಾಟಿ ಮತ್ತೆ ಹತ್ತು ಕಿ.ಮೀ. ಕಣಕುಂಬಿ, ಲೋಂಡಾ ಕಡೆಯವರು ಬೆಳಗಿನ ವಿಮಾನ ಹಿಡಿಯಬೇಕಾದರೆ ನಡುರಾತ್ರಿಯೇ ಮನೆ ಬಿಡುತ್ತಾರೆ.

ನಮ್ಮಲ್ಲೊಬ್ಬರು ಸಕ್ಕರೆ ಕಾಯಿಲೆಯ ತಾಯಿಯನ್ನು ಹಾಗೆಯೇ ಕರೆತಂದಿದ್ದರು. ಪ್ರೊಪೆಲರ್ ಇರುವ ಚಿಕ್ಕ ವಿಮಾನದ ಮೇಲಿನ ಗೂಡಿನಲ್ಲಿ ಹಿಡಿಸದು ಎಂದು ಅವರ ಕೈಚೀಲವನ್ನು ವಿಮಾನದ ಬುಡದಲ್ಲೇ ತೆಗೆದುಕೊಂಡು ಕೆಳಗಿನ ಲಗೇಜಿಗೆ ಹಾಕಲಾಯಿತು. ಇನ್ಸುಲಿನ್ ಮತ್ತು ಮನೆಯಿಂದ ಕಟ್ಟಿ ತಂದ ಚಪಾತಿ ಅದರಲ್ಲೇ ಇದ್ದವು. ತಾಯಿಗೆ ಒಂದು ಸಾಲಿನಲ್ಲಿ, ಮಗಳಿಗೆ ಹಿಂದೆಲ್ಲೋ ಸೀಟು. ಹಾರಿದ ಮೇಲೆ ತಾಯಿಗೆ ಕೈ ನಡುಗತೊಡಗಿತು. ಬಿಸ್ಕತ್ತು ಕೇಳಿ ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟರೆ, ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಕೊಡಿ ಎಂಬ ಉತ್ತರ. ನೆಟ್‌ವರ್ಕ್ ಇಲ್ಲದ ಆಕಾಶದಲ್ಲಿ ಫೋನ್‌ಪೇ ನಡೆಯುವುದಿಲ್ಲ. ಪಕ್ಕದ ಪ್ರಯಾಣಿಕರು ತಮ್ಮ ಡಬ್ಬಿಯಿಂದ ಒಂದು ತುಂಡು ಕುಂದಾ ಕೊಟ್ಟರು. ಗಗನಸಖಿಯರನ್ನು ನಾವು ದೂರುವುದಿಲ್ಲ. ಅವರು ಕಂಪನಿ ಹೇಳಿದಂತೆ ನಡೆಯುವವರು. ನಿಯಮ ಬದಲಾಗಬೇಕಿದೆ.

ಆದ್ದರಿಂದ, ಪ್ರತಿ ವಿಮಾನದಲ್ಲೂ ಕುಡಿಯುವ ನೀರು ಮತ್ತು ಒಂದು ಲಘು ತಿನಿಸು ಟಿಕೆಟ್ಟಿನಲ್ಲೇ ಸೇರಿರಬೇಕು. ಉಳಿದದ್ದನ್ನು ಮಾರಲಿ, ಆದರೆ ನಗದನ್ನೂ ಸ್ವೀಕರಿಸಲಿ. ಚಿಕ್ಕ ವಿಮಾನಗಳ ಪ್ರಯಾಣಿಕರಿಗೆ ಔಷಧಿಯನ್ನು ಕೈಚೀಲದಿಂದ ತೆಗೆದಿಟ್ಟುಕೊಳ್ಳಲು ಚೆಕ್‌-ಇನ್ ಕೌಂಟರಿನಲ್ಲೇ ಕನ್ನಡದಲ್ಲಿ ತಿಳಿಸಬೇಕು.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಪಕ್ಕವೇ ಸೀಟು ಕೊಡಬೇಕೆಂದು ತಾವು 2024ರಲ್ಲಿ ಆದೇಶಿಸಿದ್ದೀರಿ. ಅದೇ ರೀತಿ ಹಿರಿಯ ನಾಗರಿಕರಿಗೂ, ರೋಗಿಗಳಿಗೂ ಜೊತೆಗಿರುವವರ ಪಕ್ಕದ ಸೀಟು ಉಚಿತವಾಗಿ ಸಿಗಬೇಕು. ನಮ್ಮ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸಿನಲ್ಲಿ ಹಿರಿಯರ ಸೀಟಿಗೆ ಯಾರೂ ಹೆಚ್ಚಿನ ಹಣ ಕೇಳುವುದಿಲ್ಲ.

ವಿಳಂಬದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ-ಉಪಾಹಾರ ಕೊಡಬೇಕೆಂದು ತಮ್ಮ ನಿಯಮದಲ್ಲೇ ಇದೆ. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು. ಆದರೆ ನಮಗೆ ತಡವನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆ ಎಂದು ಕಂತುಗಳಲ್ಲಿ ಹೇಳಲಾಗುತ್ತದೆ. ಎರಡು ಗಂಟೆ ಕಳೆದರೂ ಲೆಕ್ಕಕ್ಕೆ ಎರಡು ಗಂಟೆ ಆಗಿರುವುದಿಲ್ಲ. ಮೊದಲು ಮುದ್ರಿಸಿದ ಹೊರಡುವ ಸಮಯದಿಂದಲೇ ತಡವನ್ನು ಎಣಿಸಬೇಕು ಮತ್ತು ಪ್ರಯಾಣಿಕರ ಹಕ್ಕುಗಳ ಫಲಕವನ್ನು ಸಾಂಬ್ರಾದ ಪ್ರತಿ ಗೇಟಿನಲ್ಲಿ ಕನ್ನಡದಲ್ಲಿ ಹಾಕಬೇಕು. ಮಳೆಗಾಲದ ಮೋಡಕ್ಕೆ ವಿಮಾನ ಇಳಿಯದಿದ್ದರೆ ನಾವು ಕಾಯುತ್ತೇವೆ, ಜೀವಕ್ಕಿಂತ ಸಮಯ ದೊಡ್ಡದಲ್ಲ. 2025ರ ಡಿಸೆಂಬರಿನಲ್ಲಿ ಆದದ್ದು ಮಳೆಯಿಂದಲ್ಲ. ಪೈಲಟ್‌ಗಳ ಕರ್ತವ್ಯ ಸಮಯದ ಹೊಸ ನಿಯಮಕ್ಕೆ ಇಂಡಿಗೊ ಸಿದ್ಧವಾಗದೆ ದೇಶದಾದ್ಯಂತ ಸಾವಿರಾರು ಹಾರಾಟಗಳು ರದ್ದಾದವು. ಭುವನೇಶ್ವರದಿಂದ ಬರಬೇಕಿದ್ದ ನವದಂಪತಿ ಹುಬ್ಬಳ್ಳಿಯಲ್ಲಿ ನಡೆದ ತಮ್ಮದೇ ಆರತಕ್ಷತೆಗೆ ವಿಡಿಯೊ ಕರೆಯಲ್ಲಿ ಹಾಜರಾದರು. ಆಗ ಸರ್ಕಾರ 500 ಕಿ.ಮೀ.ವರೆಗಿನ ಪ್ರಯಾಣಕ್ಕೆ 7,500 ರೂಪಾಯಿಯ ಮಿತಿ ಹಾಕಿತು. ಬಿಕ್ಕಟ್ಟಿನಲ್ಲಿ ಹಾಕಲಾದ ಮಿತಿಯನ್ನು, ಒಂದೇ ಕಂಪನಿ ಹಾರುವ ಮಾರ್ಗಗಳಿಗೆ ಶಾಶ್ವತವಾಗಿ ನಿಗದಿಪಡಿಸಲು ಏನಡ್ಡಿ?

ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ 2024ರ ಡಿಸೆಂಬರಿನಲ್ಲಿ ಆರಂಭವಾದ ಉಡಾನ್ ಯಾತ್ರಿ ಕೆಫೆಯಲ್ಲಿ ಚಹಾ, ನೀರು ಹತ್ತು ರೂಪಾಯಿಗೆ ಸಿಕ್ಕವು. ಸಾಂಬ್ರಾದಲ್ಲೂ ಮೊದಲ ವಿಮಾನದಿಂದ ಕೊನೆಯ ವಿಮಾನದವರೆಗೆ ಅದೇ ದರದ ಮಳಿಗೆ ತೆರೆದಿರುವಂತೆ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶಿಫಾರಸು ಮಾಡಬೇಕು.

ಮರಾಠಾ ಲಘು ಪದಾತಿ ಕೇಂದ್ರದಿಂದ ರಜೆಗೆ ಹೊರಟ ಜವಾನರು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಚಿಕಿತ್ಸೆಗೆ ಓಡಾಡುವ ಕುಟುಂಬಗಳು ಈ ಸೀಟುಗಳಲ್ಲಿ ಕೂರುವವರು. ಕಂಪನಿಗಳ ಪ್ರತಿನಿಧಿಗಳನ್ನು ಕರೆಸಿ ಬೆಳಗಾವಿಯಲ್ಲೇ ಪ್ರಯಾಣಿಕರ ಅಹವಾಲು ಸಭೆ ನಡೆಸಬೇಕೆಂದೂ, ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ವಿಮಾನ ಪ್ರಯಾಣಿಕರು
(ಸಹಿಗಳನ್ನು ಲಗತ್ತಿಸಿದೆ)