ಊಟವೂ ಒಂದು ವಿದ್ಯೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಇದರಲ್ಲಿರುವ ‘ಬಲ್ಲವನು’ ಎಂಬ ಪದವನ್ನು ವಿಶೇಷವಾಗಿ ಗಮನಿಸಬೇಕು. ಹೆಚ್ಚು ಉಣ್ಣುವವನಿಗೆ ರೋಗವಿಲ್ಲವೆಂದು ಅವರು ಹೇಳಲಿಲ್ಲ. ಉಪವಾಸವಿರುವವನಿಗೆ ರೋಗವಿಲ್ಲವೆಂದೂ ಹೇಳಲಿಲ್ಲ. ಏನನ್ನು, ಯಾವಾಗ, ಎಷ್ಟು ಉಣ್ಣಬೇಕೆಂಬುದನ್ನು ಅರಿತವನು ಸುಖಿ ಎಂದರು. ಎಂದ ಮೇಲೆ ಓದುಬರಹಗಳಂತೆ ಊಟವೂ ಕಲಿಯಬೇಕಾದ ಒಂದು ವಿದ್ಯೆಯೇ ಸರಿ. ಇಂದು ಕಾಲೇಜು ವಿದ್ಯಾರ್ಥಿಗಳಲ್ಲಿ ಬೊಜ್ಜು ಹೆಚ್ಚುತ್ತಿರುವುದನ್ನು ನೋಡಿದರೆ, ಆ ವಿದ್ಯೆಯನ್ನು ಕಲಿಸುವುದನ್ನು ನಾವು ಹಿರಿಯರು ಮರೆತಿದ್ದೇವೆಂದೇ ಹೇಳಬೇಕಾಗಿದೆ.

ಈ ಮರೆವಿಗೆ ಕಾರಣವಿಲ್ಲದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯು ಬರವನ್ನು ಚೆನ್ನಾಗಿ ಬಲ್ಲ ಸೀಮೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮದಲ್ಲಿ ಇಲ್ಲಿಯ ಊರುಗಳು ಅಪಾರ ಜನರನ್ನು ಕಳೆದುಕೊಂಡವು. 1972ರ ಬರವನ್ನು ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಡೋಣಿ ಹೊಳೆಯ ಸಾಲು ಬೆಳೆದರೆ ಓಣಿಗೆಲ್ಲ ಜೋಳ ಎಂಬ ಅರ್ಥದ ಮಾತು ಈ ಭಾಗದಲ್ಲಿದೆ. ಬೆಳೆಯದಿದ್ದರೆ ಏನಾಗುವುದೆಂಬ ಭಯವೂ ಆ ಮಾತಿನ ಹಿಂದೆ ಅಡಗಿದೆ. ಇಂಥ ನಾಡಿನಲ್ಲಿ ಮೈತುಂಬಿಕೊಂಡ ಮಗುವು ಮನೆಯ ಸುಭಿಕ್ಷದ ಗುರುತಾಗಿತ್ತು. ‘ಇನ್ನೊಂದು ರೊಟ್ಟಿ ಉಣ್ಣು’ ಎಂದು ತಾಯಿ ಒತ್ತಾಯಪಡಿಸುತ್ತಿದ್ದುದು ಹಸಿವನ್ನು ಕಂಡ ಹೃದಯದ ಪ್ರೀತಿಯಾಗಿತ್ತು. ಹಸಿವೆಗೆ ಹೆದರಿದ ಜನರಿಗೆ ಅತಿಯಾದ ಊಟಕ್ಕೂ ಹೆದರಬೇಕೆಂದು ತಿಳಿಯುವುದು ಸುಲಭವಲ್ಲ.

ಆದರೆ ಕಾಲ ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿರಿ. 15ರಿಂದ 49 ವರ್ಷದೊಳಗಿನವರಲ್ಲಿ ಮಿತಿಮೀರಿದ ತೂಕವುಳ್ಳವರು 2015–16ರಲ್ಲಿ ಕರ್ನಾಟಕದಲ್ಲಿ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 23 ಮಂದಿ, ಪುರುಷರ ಪೈಕಿ 22 ಮಂದಿ ಇದ್ದರು. 2019–21ರ ವೇಳೆಗೆ ಆ ಸಂಖ್ಯೆಗಳು ಕ್ರಮವಾಗಿ 30 ಮತ್ತು 31ಕ್ಕೆ ಏರಿದವು. ಆದರೆ ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸ್ತ್ರೀಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದೂ ಕಂಡುಬಂದಿತು. ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹಕ್ಕೆ ಪೋಷಣೆ ದೊರೆಯಿತೆಂದು ತಿಳಿಯಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ತೂಕವು ಮಿತಿಮೀರಿದೆಯೆಂದು ತಿಳಿಯುವ ಬಗೆ ಹೇಗೆ? ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. 1.6 ಮೀಟರು ಎತ್ತರದವನು 64 ಕಿಲೋ ತೂಗಿದರೆ ಭಾಗಲಬ್ಧ 25. ವಯಸ್ಕರಲ್ಲಿ ಇದು 25 ಅಥವಾ ಅದಕ್ಕಿಂತ ಹೆಚ್ಚಾದರೆ ಅಧಿಕ ತೂಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯರು 23ಕ್ಕೇ ಎಚ್ಚರಗೊಳ್ಳಬೇಕೆಂಬುದು ನಮ್ಮ ವೈದ್ಯರ ಅಭಿಪ್ರಾಯ. ಬೆಳೆಯುವ ವಯಸ್ಸಿನ ನಿಮ್ಮಂಥವರಿಗೆ ಈ ಅಂಕಿಗಳು ಹಾಗೆಯೇ ಅನ್ವಯಿಸುವುದಿಲ್ಲ. ಅವರಿಗೆ ವಯಸ್ಸಿಗೆ ತಕ್ಕ ಪಟ್ಟಿಗಳಿವೆ.

ಇನ್ನು ವಿದ್ಯಾರ್ಥಿಯ ದಿನಚರಿಯನ್ನು ನೋಡೋಣ. ಭೀಮಾ ತೀರದ ಅಗರಖೇಡದಂಥ ಊರಿನಿಂದ ಇಂಡಿಗೋ ವಿಜಯಪುರಕ್ಕೋ ಕಾಲೇಜಿಗೆ ಹೋಗುವ ಹುಡುಗನು ಬೆಳಗಿನ ಬಸ್ಸನ್ನು ಹಿಡಿಯಬೇಕು. ಒಲೆಯ ಮೇಲಿನ ರೊಟ್ಟಿ ಬೇಯುವುದರೊಳಗೆ ಅವನು ನಿಲ್ದಾಣದಲ್ಲಿರುತ್ತಾನೆ. ಹತ್ತು ಗಂಟೆಗೆ ಹಸಿವು ಕಾಡಿದಾಗ ಚಹಾ ಮತ್ತು ಬಿಸ್ಕತ್ತು. ಮಧ್ಯಾಹ್ನ ವಡಾಪಾವ್ ಅಥವಾ ಮಿರ್ಚಿ ಭಜಿ. ಸಂಜೆ ಗೋಬಿ ಮಂಚೂರಿ ಹಾಗೂ ಬಾಟಲಿಯ ತಂಪು ಪಾನೀಯ. ರಾತ್ರಿ ಮನೆಗೆ ಬಂದು ಮೊಬೈಲಿನ ಮೇಲೆ ಕಣ್ಣಿಟ್ಟು ಹೊಟ್ಟೆ ಬಿರಿಯುವಂತೆ ಉಂಡು ಮಲಗುತ್ತಾನೆ. ಪಟ್ಟಣದಲ್ಲಿ ಕೋಣೆ ಹಿಡಿದು ಓದುವವನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಇವನನ್ನು ಹೊಟ್ಟೆಬಾಕನೆಂದು ಜರೆಯುವುದು ಸುಲಭ. ವಾಸ್ತವವಾಗಿ ಇವನು ಹೊತ್ತು ತಪ್ಪಿದವನು. ಹೊತ್ತು ತಪ್ಪಿದ ಹಸಿವು ಕೈಗೆ ಸಿಕ್ಕುದನ್ನು ಕೇಳುತ್ತದೆ. ಕಾಲೇಜಿನ ಬಾಗಿಲಲ್ಲಿ ಕೈಗೆ ಸಿಕ್ಕುವುದು ಕರಿದದ್ದು ಮತ್ತು ಸಿಹಿಯಾದದ್ದು.

ಈ ಆಹಾರದ ದೋಷವೇನು? ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ; ಅಷ್ಟೇ ತೂಕದ ಮೈದಾ ಹಿಟ್ಟಿನಲ್ಲಿ ಅದು 3 ಗ್ರಾಂ ಸಹ ಇಲ್ಲ. ನಾರು ಹೊಟ್ಟೆಯನ್ನು ಬೇಗನೆ ತುಂಬಿಸುತ್ತದೆ, ಹಸಿವನ್ನು ನಿಧಾನಗೊಳಿಸುತ್ತದೆ. ನಾರಿಲ್ಲದ ಹಿಟ್ಟು ಎಣ್ಣೆಯೊಡನೆ ಸೇರಿದಾಗ ಶಕ್ತಿಯೇನೋ ಬೇಕಾದಷ್ಟು ಒಳಸೇರುತ್ತದೆ, ತೃಪ್ತಿ ಮಾತ್ರ ಉಂಟಾಗುವುದಿಲ್ಲ. 300 ಮಿಲಿಲೀಟರಿನ ಒಂದು ತಂಪು ಪಾನೀಯದಲ್ಲಿ ಸಾಮಾನ್ಯವಾಗಿ 30 ಗ್ರಾಂಗಳಷ್ಟು ಸಕ್ಕರೆಯಿರುತ್ತದೆ. ಬೆರೆಸಿದ ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ಒಂದೇ ಬಾಟಲಿಯು ಆ ದಿನದ ಲೆಕ್ಕವನ್ನು ಮುಗಿಸಿಬಿಡುತ್ತದೆ! ಲಿಂಬೆಗೆ ಹೆಸರಾದ ಇಂಡಿಯ ಮಕ್ಕಳು ಲಿಂಬೆಯ ನೀರನ್ನೂ ಮಜ್ಜಿಗೆಯನ್ನೂ ಬಿಟ್ಟು ಇದನ್ನು ಕೊಂಡು ಕುಡಿಯುವುದು ವಿಷಾದದ ಸಂಗತಿ.

ಹಾಗೆಂದು ರೊಟ್ಟಿಯನ್ನು ತಿಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಭಾವಿಸಬಾರದು. ಎರಿಹೊಲದಲ್ಲಿ ದಿನವಿಡೀ ದುಡಿದ ಅಜ್ಜನು ನಾಲ್ಕು ರೊಟ್ಟಿ ಉಂಡು ಅರಗಿಸಿಕೊಂಡನು. ಬೆಂಚಿನ ಮೇಲೆ ಕುಳಿತು, ಬಸ್ಸಿನಲ್ಲಿ ಸಂಚರಿಸುವ ಮೊಮ್ಮಗನಿಗೆ ಅಷ್ಟು ಬೇಕಿಲ್ಲ. ದುಡಿಮೆಗೆ ತಕ್ಕ ಊಟ, ಊಟಕ್ಕೆ ತಕ್ಕ ದುಡಿಮೆ ಎಂಬುದೇ ಇಲ್ಲಿಯ ಸೂತ್ರ. ಕಾಯಕವನ್ನು ಎತ್ತಿಹಿಡಿದ ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ಮೈಬಗ್ಗಿಸುವುದರ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ. ನಿಮ್ಮ ವಯಸ್ಸಿನವರು ದಿನಕ್ಕೆ ಒಂದು ಗಂಟೆಯಾದರೂ ಓಡಿ ಆಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದಪ್ಪಗಿರುವ ಗೆಳೆಯನನ್ನೋ ಗೆಳತಿಯನ್ನೋ ಅಡ್ಡಹೆಸರಿನಿಂದ ಕರೆದು ನಗುವುದು ತರಗತಿಗಳಲ್ಲಿ ವಿನೋದವೆನಿಸಿಕೊಂಡಿದೆ. ಇದು ವಿನೋದವಲ್ಲ, ಕ್ರೌರ್ಯ. ತೂಕಕ್ಕೆ ವಂಶದ ಗುಣ, ಕೆಲವು ಕಾಯಿಲೆ, ನಿದ್ರೆಯ ಕೊರತೆ, ಮನಸ್ಸಿನ ದುಗುಡ ಮುಂತಾದ ಅನೇಕ ಕಾರಣಗಳುಂಟು. ನಗೆಗೀಡಾದವರು ನೊಂದು ಊಟವನ್ನೇ ಬಿಡುತ್ತಾರೆ. ಬಳಿಕ ಹಸಿವು ತಾಳಲಾರದೆ ಇಮ್ಮಡಿ ತಿನ್ನುತ್ತಾರೆ. ಮೊದಲೇ ರಕ್ತಹೀನತೆಯುಳ್ಳ ಹುಡುಗಿಯು ಹೀಗೆ ಉಪವಾಸ ಮಾಡಿದರೆ ಆಗುವ ಹಾನಿಯನ್ನು ಊಹಿಸಿಕೊಳ್ಳಿರಿ. ನಾಚಿಕೆಯು ಬೊಜ್ಜಿಗೆ ಔಷಧವಾಗಲಾರದು.

ಹಾಗಾದರೆ ಪರಿಹಾರದ ಹೊಣೆ ಯಾರದು? ವಿದ್ಯಾರ್ಥಿಯೊಬ್ಬನದೇ ಎಂದರೆ ಅನ್ಯಾಯವಾದೀತು. ಶಾಲೆಯ ಬಾಗಿಲಿನಿಂದ 50 ಮೀಟರುಗಳೊಳಗೆ ಕೊಬ್ಬು, ಉಪ್ಪು, ಸಕ್ಕರೆಗಳು ಮಿತಿಮೀರಿದ ತಿನಿಸುಗಳನ್ನು ಮಾರಬಾರದೆಂದು 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ನಿಯಮ ಮಾಡಿತು. ಇಂಥ ತಿನಿಸುಗಳನ್ನು ಉಚ್ಚ ಶಿಕ್ಷಣ ಸಂಸ್ಥೆಗಳ ಆವರಣದಿಂದ ದೂರವಿಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2016ರಲ್ಲಿಯೇ ಸೂಚಿಸಿತ್ತು. ಆದರೆ ‘ಬೇಡ’ ಎನ್ನುವ ಆಜ್ಞೆಯಿಂದ ಹಸಿವು ಹಿಂಗುವುದಿಲ್ಲ. ಬೇಕಾದುದನ್ನು ಒದಗಿಸಬೇಕು. ನಮ್ಮ ಕಡೆ ತಾಯಂದಿರು ಪಟ್ಟಣದಲ್ಲಿ ಓದುವ ಮಕ್ಕಳಿಗೆ ಬುತ್ತಿ ಕಟ್ಟಿ ಬಸ್ಸಿನಲ್ಲಿ ಕಳುಹಿಸುವ ರೂಢಿಯಿದೆ. ಖಡಕ್ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳ ಆ ಬುತ್ತಿಯನ್ನು ಬಿಚ್ಚಿ ಉಣ್ಣಲು ಪ್ರತಿ ಕಾಲೇಜಿನಲ್ಲಿಯೂ ನೆರಳಿನ ಒಂದು ಕೋಣೆ, ಕುಡಿಯುವ ಒಳ್ಳೆಯ ನೀರು, ಉಣ್ಣಲು ಸಾಕಷ್ಟು ಬಿಡುವು ಇರಬೇಕು. ಗ್ರಂಥಾಲಯದಷ್ಟೇ ಇದೂ ಅವಶ್ಯಕ. ಬುತ್ತಿಯನ್ನು ತೆರೆಯಲು ನಾಚುವ ಮನೋಭಾವವೂ ತೊಲಗಬೇಕು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆ ಧಾನ್ಯಗಳ ಸಾಲಿನಲ್ಲಿ ನಮ್ಮ ಜೋಳವೂ ಸೇರಿದೆ.

ವಿದ್ಯಾರ್ಥಿಗಳೇ, ಇನ್ನೆರಡು ವರ್ಷಗಳಲ್ಲಿ ನೀವೂ ಕಾಲೇಜಿನ ಮೆಟ್ಟಿಲನ್ನೇರುವಿರಿ. ಅಂದು ನಿಮ್ಮ ತಟ್ಟೆಯನ್ನು ಕಾಯಲು ತಾಯಿ ಜೊತೆಗಿರುವುದಿಲ್ಲ. ಆದುದರಿಂದ ಈಗಲೇ ಹುಡುಗಿಯರಂತೆ ಹುಡುಗರೂ ರೊಟ್ಟಿ ಬಡಿಯಲು, ಪಲ್ಯ ಬೇಯಿಸಲು ಕಲಿಯಿರಿ. ಬೆಳಗಿನ ಊಟವನ್ನು ತಪ್ಪಿಸಬೇಡಿರಿ. ಇನ್ನು ಸಾಕೆಂದು ಹೊಟ್ಟೆ ಹೇಳಿದಾಗ ಅದರ ಮಾತನ್ನು ಕೇಳಿರಿ. ನಮ್ಮ ಹಿರಿಯರು ಬರಗಾಲಗಳನ್ನು ದಾಟಿ ನಮಗೆ ಅನ್ನವನ್ನು ಉಳಿಸಿಕೊಟ್ಟರು. ಆ ಅನ್ನವನ್ನು ಅರಿತು ಉಣ್ಣುವುದೇ ನಾವು ಅವರಿಗೆ ಸಲ್ಲಿಸಬಹುದಾದ ಗೌರವ.