ಉಡಾಳ ಹುಡುಗನೂ ದವಾಖಾನೆಯೂ

ದವಾಖಾನೆಯೆಂದರೆ ಬಿದ್ದ ಮೇಲೆ ಹೋಗುವ ಸ್ಥಳವೆಂದೇ ನಮ್ಮ ಕಡೆಯ ಪಾಲಕರಲ್ಲಿ ಅನೇಕರು ತಿಳಿದಿರುವರು. ಮೊಳಕಾಲು ಒಡೆಯಬೇಕು, ಹಣೆಗೆ ಹೊಲಿಗೆ ಬೀಳಬೇಕು. ಆಗ ಹುಡುಗನನ್ನೆತ್ತಿಕೊಂಡು ಓಡುವರು. ಏನೂ ಆಗದಿರುವಾಗ ಒಮ್ಮೆ ತೋರಿಸಿಕೊಂಡು ಬನ್ನಿರೆಂದರೆ, “ನೆಟ್ಟಗಿದ್ದವನಿಗೆ ಎಂಥ ತಪಾಸಣೆ?” ಎಂದು ನಗುವರು. ಈ ನಗೆಯನ್ನು ನಾವು ವಿರೋಧಿಸುತ್ತೇವೆ.

ಪ್ರತಿಯೊಂದು ವರ್ಗದಲ್ಲಿಯೂ ಇಂಥವನೊಬ್ಬನಿರುವನು. ಗಿಡ ಕಂಡರೆ ಹತ್ತುವನು, ಗೋಡೆ ಕಂಡರೆ ಜಿಗಿಯುವನು, ಮೈಮೇಲೆ ಗಾಯವಿಲ್ಲದ ದಿನವಿಲ್ಲ. ನಾವು ಅವನಿಗೆ ‘ಉಡಾಳ’ನೆಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ. ಗುರುಗಳೇ, ಅವನು ಮೇಲಿಂದ ಮೇಲೆ ಎಡವುವದು ಮೆಟ್ಟಲು ಮಸುಕಾಗಿ ಕಾಣುವದರಿಂದ ಇರಲಾರದೆ? ಕರೆದರೂ ತಿರುಗಿ ನೋಡದಿರುವದು ಕಿವಿಯಲ್ಲಿ ಕೀವು ತುಂಬಿರುವದರಿಂದ ಇರಲಾರದೆ? ಚಟುವಟಿಕೆಯೆಲ್ಲ ರೋಗವೆಂದು ನಾವೆನ್ನುವದಿಲ್ಲ. ಹುಡುಗನು ಓಡದೆ ಮುದುಕನು ಓಡಬೇಕೆ? ಆದರೆ ಹುರುಪು ಯಾವುದು, ಕೊರತೆ ಯಾವುದೆಂಬುದನ್ನು ಬೆತ್ತವು ಹೇಳಲಾರದು.

ನಮ್ಮ ಕಬನೂರಿನಲ್ಲಿ ಈ ಮಾತಿಗೆ ಇನ್ನೂ ಒಂದು ಕಾರಣವಿದೆ. 1904ರಲ್ಲಿ ವಿಠ್ಠಲರಾವ ದಾತಾರರು ಇಚಲಕರಂಜಿಗೆ ಮೊದಲನೆಯ ವಿದ್ಯುತ್ ಮಗ್ಗವನ್ನು ತಂದರು. ಅಂದಿನಿಂದ ಬೆಳೆದ ಆ ಸದ್ದು ಊರ ಮೇರೆಯನ್ನು ದಾಟಿ ನಮ್ಮ ಓಣಿಗಳಿಗೂ ಬಂದಿದೆ. ಮಗ್ಗದ ಮಗ್ಗುಲಲ್ಲಿ ಬದುಕುವವರು ಕೂಗಿಯೇ ಮಾತನಾಡುವರು. ಎಲ್ಲರೂ ಕೂಗುವ ಮನೆಯಲ್ಲಿ ಒಂದು ಮಗುವಿಗೆ ಕಿವಿ ಮಂದವೆಂಬುದು ಎಷ್ಟು ವರ್ಷಕ್ಕೆ ತಿಳಿದೀತು?

ಹಣವಿಲ್ಲವೆಂಬ ನೆವವೂ ನಿಲ್ಲುವದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರ ಫೆಬ್ರುವರಿಯಲ್ಲಿ ಈ ಮಹಾರಾಷ್ಟ್ರದ ಪಾಲಘರದಲ್ಲಿಯೇ ಆರಂಭವಾಯಿತು. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆಯು ಉಚಿತ. ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಆದರೆ ಆ ದಿನ ನಡೆಯುವದೇನು? ಸಾಲು ನಿಲ್ಲಿಸುವದು, ತೂಕ ನೋಡುವದು, ಗುರುತು ಹಾಕುವದು. ವೈದ್ಯರು ಮರಾಠಿಯಲ್ಲಿ ಕೇಳುವರು. ಒಂದನೆಯ ಇಯತ್ತೆಯ ಕನ್ನಡದ ಕೂಸು ಎಲ್ಲದಕ್ಕೂ ತಲೆಯಾಡಿಸುವದು. ಮರಾಠಿಯೊಡನೆ ನಮಗೆ ಜಗಳವಿಲ್ಲ; ಅದು ನೆರೆಯವರ ನುಡಿ, ನಮ್ಮ ಸಂತೆಯ ನುಡಿ. ಆದರೆ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವ ಸೌಕರ್ಯವಿರಬೇಕೆಂದು 1956ರಲ್ಲಿಯೇ ಸಂವಿಧಾನಕ್ಕೆ 350-ಎ ಅನುಚ್ಛೇದವನ್ನು ಸೇರಿಸಿದರು. ಪಾಠಕ್ಕೆ ಬೇಕಾದ ತಾಯಿನುಡಿಯು ನೋವಿಗೆ ಬೇಡವೆ? ಎಲ್ಲಿ ನೋಯುತ್ತದೆಂಬುದನ್ನು ಮಗುವು ಮೊದಲು ಅವ್ವನ ಮಾತಿನಲ್ಲಿಯೇ ಹೇಳುವದು.

ಕಣ್ಣಿನ ಫಲಕವನ್ನೇ ನೋಡಿರಿ. ಆರು ಮೀಟರ ದೂರದಲ್ಲಿ ದೇವನಾಗರಿ ಅಕ್ಷರಗಳನ್ನು ತೂಗುಹಾಕಿದರೆ, ಆ ಲಿಪಿಯನ್ನು ಇನ್ನೂ ಕಲಿಯದವನು ಕಾಣದೆ ಸುಮ್ಮನಿರುವನೋ, ತಿಳಿಯದೆ ಸುಮ್ಮನಿರುವನೋ? ಇದಕ್ಕೆ ಉಪಾಯವು ಎಂದೋ ದೊರೆತಿದೆ. ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದ ಫಲಕವಿರುವದು. ಅದರ ಕಾಲು ಎತ್ತ ಚಾಚಿದೆಯೆಂದು ಮಗುವು ಕೈಯಿಂದ ತೋರಿಸಿದರೆ ಸಾಕು, ಯಾವ ಭಾಷೆಯೂ ಬೇಕಿಲ್ಲ. ಆ ಫಲಕವನ್ನೇ ತರಬೇಕೆಂದು ಶಾಲೆಗಳು ಕೇಳಬೇಕು.

ಇನ್ನು ಮನೆಯಲ್ಲಿ ನಡೆಯುವ ಅನ್ಯಾಯ. “ಸುಮ್ಮನಿರದಿದ್ದರೆ ಸೂಜಿ ಚುಚ್ಚಿಸುವೆ” ಎಂದು ಹೆದರಿಸುವ ಹಿರಿಯರೇ ಮುಂದೆ ಹುಡುಗನು ದವಾಖಾನೆಯ ಬಾಗಿಲಲ್ಲಿ ಹೊರಳಾಡಿದರೆ ಬಯ್ಯುವರು! ಹೆದರಿದವನು ಗಾಯವನ್ನು ಮುಚ್ಚಿಡುವನು. ಮೊಳೆ ಚುಚ್ಚಿದ ಅಂಗಾಲನ್ನು ಮುಚ್ಚಿಟ್ಟರೆ ಧನುರ್ವಾಯುವಿನ ಭಯ. ಅದು ಕೊಲ್ಲುವ ರೋಗ. ಅದನ್ನು ತಡೆಯುವ ಲಸಿಕೆಯನ್ನು ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಮತ್ತೆ ಹಾಕಿಸಬೇಕೆಂಬುದು ಎಷ್ಟು ಮನೆಗಳಲ್ಲಿ ನೆನಪಿದೆ? ಬಾಲವಾಚಕರೇ, ಗಾಯವಾದರೆ ಮುಚ್ಚಿಡಬೇಡಿರಿ. ಬಯ್ದರೆ ಬಯ್ಯಲಿ, ಹೇಳಿರಿ.

ಗುರುಗಳಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ತಂಡ ಬಂದ ದಿನ ಸಹಿ ಹಾಕಿ ಕೋಣೆಗೆ ಹೋಗದೆ ಹುಡುಗನ ಬದಿಯಲ್ಲಿ ನಿಲ್ಲಿರಿ, ಅವನ ಮಾತನ್ನು ವೈದ್ಯರಿಗೆ ತಿಳಿಸಿರಿ. ಅವನು ಎಲ್ಲೆಲ್ಲಿ ಬಿದ್ದ, ಹಗಲಿನಲ್ಲಿಯೋ ಸಂಜೆಯ ಮಬ್ಬಿನಲ್ಲಿಯೋ ಎಂಬುದನ್ನು ಮೊದಲೇ ಬರೆದಿಡಿರಿ. ಮಬ್ಬಿನಲ್ಲಿ ಮಾತ್ರ ಎಡವುವವನಿಗೆ ಇರುಳುಗಣ್ಣು ಇರಬಹುದು, ‘ಎ’ ಜೀವಸತ್ವದ ಕೊರತೆಯಿಂದ ಅದು ಬರುವದು. ಮಗ್ಗದ ಪಾಳಿಯು ಯಾರಿಗೂ ಕಾಯುವದಿಲ್ಲವಾದ್ದರಿಂದ ತಾಯಿತಂದೆಗಳು ಬರಲಾರದೆ ಹೋಗಬಹುದು. ಆಗ ಆ ಚೀಟಿಯನ್ನು ನೀವೇ ಮರಾಠಿಯಲ್ಲಿ ಬರೆದು ಅವನ ಕಿಸೆಯಲ್ಲಿಡಿರಿ.