ಗದ್ದಲವೆಂದು ಕೈಬಿಟ್ಟ ಹಾಡು

ಸಂಘದ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಯಿಂದ ಈ ಸಲ ಒಂದು ಹಾಡನ್ನು ಕೈಬಿಡಲಾಯಿತು. "ಇದು ಗದ್ದಲ, ಭಾವಗೀತೆಯಲ್ಲ" ಎಂಬುದು ಸಮಿತಿಯವರು ಕೊಟ್ಟ ಕಾರಣ. ಹಾಡು ನಮ್ಮ ಮಗನದು. ಪುತ್ರವ್ಯಾಮೋಹದಿಂದ ಬರೆಯುತ್ತಿದ್ದಾರೆಂದು ಯಾರಾದರೂ ಅಂದರೆ ನಾವು ಅಲ್ಲಗಳೆಯುವುದಿಲ್ಲ. ಆದರೆ ಹಿಮಾಯತ್‌ನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಇದೇ ಹಾಡಿಗೆ ಬಾಗಿಲು ಬಡಿದು "ಕಡಿಮೆ ಮಾಡೋ" ಎಂದು ಮೊದಲು ಕೂಗಿದವರೂ ನಾವೇ. ಆದ್ದರಿಂದ ಈ ವಿಷಯದಲ್ಲಿ ಮಾತಾಡುವ ಅರ್ಹತೆ ತುಸುವಾದರೂ ಉಂಟೆಂದು ಭಾವಿಸಿದ್ದೇವೆ.

ಈ ಬಗೆಯ ಸಂಗೀತಕ್ಕೆ ಡ್ರಮ್ ಅಂಡ್ ಬೇಸ್ ಎಂದು ಹೆಸರು. 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ನಿಮಿಷಕ್ಕೆ 170ರ ಆಸುಪಾಸಿನಲ್ಲಿ ಡ್ರಮ್ಮಿನ ಪೆಟ್ಟು ಓಡುತ್ತದೆ. ಅದರ ಕೆಳಗೆ ಮಂದ್ರ ನಾದ ಅರ್ಧ ವೇಗದಲ್ಲಿ ನಡೆಯುತ್ತದೆ. ಮೇಲೆ ಹಾಡುವ ದನಿ ಇನ್ನೂ ನಿಧಾನ. ಕಛೇರಿ ಕೇಳಿ ಬಲ್ಲ ಹಿರಿಯರಿಗೆ ಇದು ಅಪರಿಚಿತವಾಗಬಾರದು. ಪಲ್ಲವಿ ಚೌಕಕಾಲದಲ್ಲಿ ಸಾಗುತ್ತಿರುವಾಗ ಮೃದಂಗ ಮೇಲಿನ ಕಾಲದಲ್ಲಿ ಓಡುವುದಿಲ್ಲವೆ? "ಬರೀ ಯಂತ್ರದ ಸದ್ದು" ಎಂಬ ಆಕ್ಷೇಪವೂ ಕೇಳಿಬಂತು. ಈ ಸಂಗೀತದಲ್ಲಿ ಮತ್ತೆ ಮತ್ತೆ ಕತ್ತರಿಸಿ ಜೋಡಿಸುವ ಡ್ರಮ್ಮಿನ ತುಣುಕು 1969ರ ಒಂದು ಅಮೆರಿಕನ್ ರೆಕಾರ್ಡಿನದು. ಗ್ರೆಗರಿ ಕೋಲ್ಮನ್ ಎಂಬಾತ ಕೈಯಾರೆ ಬಾರಿಸಿದ್ದು. ಲೋಕವೆಲ್ಲ ಬಳಸಿದ ಆ ಕೆಲವೇ ಸೆಕೆಂಡುಗಳಿಂದ ಆತನಿಗೆ ಬಿಡಿಗಾಸೂ ಬರಲಿಲ್ಲ.

ಇನ್ನು ಭಾವದ ಮಾತು. ಗೋಲ್ಡಿ ಎಂಬ ಇಂಗ್ಲೆಂಡಿನ ಸಂಗೀತಗಾರನನ್ನು ಮೂರು ವರ್ಷದ ಕೂಸಾಗಿದ್ದಾಗಲೇ ತಾಯಿ ಪರರ ಪೋಷಣೆಗೆ ಒಪ್ಪಿಸಿದಳು. 1995ರಲ್ಲಿ ಆತ ‘ಟೈಮ್‌ಲೆಸ್’ ಎಂಬ ಧ್ವನಿಮುದ್ರಿಕೆ ತಂದಾಗ ಆ ರಭಸದ ಡ್ರಮ್ಮುಗಳ ಮೇಲೆ ಹೆಣ್ಣುದನಿಯೊಂದು ನಿಧಾನವಾಗಿ ತೇಲಿತು. 1998ರಲ್ಲಿ ತಾಯಿಯ ಹೆಸರಿನಲ್ಲೇ ‘ಮದರ್’ ಎಂಬ ಒಂದು ಗಂಟೆಯ ಕೃತಿ ಮಾಡಿದ. ಒಂದು ಗಂಟೆ ಹೆಚ್ಚೇ ಆಯಿತೆಂದು ನಮಗೂ ಅನ್ನಿಸಿತು, ಎರಡು ಭಾನುವಾರ ಹಿಡಿಯಿತು. ಆದರೆ ಹೆತ್ತವಳ ಮೇಲಿನ ದೂರು ಐದು ನಿಮಿಷದಲ್ಲಿ ಮುಗಿಯಬೇಕೆಂದು ಕಟ್ಟಳೆ ಮಾಡಿದವರಾರು?

ನಮ್ಮ ಹುಡುಗನ ದೂರು ನಮ್ಮ ಮೇಲೆ. ಎರಡು ವರ್ಷದ ಹಿಂದೆ ರಾಯಚೂರಿನಲ್ಲಿ ನಮ್ಮ ತಾಯಿ ತೀರಿಕೊಂಡಾಗ, ಮರುದಿನ ಪರೀಕ್ಷೆಯಿದೆ ಎಂದು ಅವನನ್ನು ಇಲ್ಲೇ ಬಿಟ್ಟು ಹೋದೆವು. ಆಗ ಅವನು ಏನೂ ಅನ್ನಲಿಲ್ಲ. ಅಂದಿದ್ದು ಈ ಹಾಡಿನಲ್ಲಿ: ಅಜ್ಜಿ ಹೋದ ದಿನ ನೀವು ಬಸ್ಸು ಹತ್ತಿದಿರಿ, ನನ್ನ ಕೈಯಾಗ ಮನಿ ಕೀಲಿ ಕೊಟ್ರಿ ಎಂದು. ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಹಿಂದಿ, ನಮಗೆ ಉತ್ತರ ಕೊಡುವಾಗ ಅರ್ಧ ಇಂಗ್ಲಿಷು ಆಡುವ ಹುಡುಗ ಇದನ್ನು ಅಜ್ಜಿಯ ರಾಯಚೂರು ಕನ್ನಡದಲ್ಲೇ ಹಾಡಿದ್ದಾನೆ. ಕನ್ನಡ ಬರೆಯಲು ಬಾರದ್ದರಿಂದ ಸಾಲುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗುರುತು ಹಾಕಿಕೊಂಡಿದ್ದ. ಆ ಹಾಳೆಯನ್ನು ನಾವು ನೋಡಿದ್ದೇವೆ.

ಸಮಿತಿಯ ಹಿರಿಯರು ಇದನ್ನು ಕೇಳಿದ್ದು ಹೇಗೆ? ಮೇಜಿನ ಮೇಲೆ ಮೊಬೈಲ್ ಫೋನು ಇಟ್ಟು! ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಕಚೇರಿಯ ಕಡತಗಳಲ್ಲಿ ಬಹುಮಟ್ಟಿಗೆ ಹೂತುಹೋಗಿದ್ದರೂ ಇಷ್ಟು ನೆನಪಿದೆ: ಫೋನಿನ ಪುಟ್ಟ ಸ್ಪೀಕರಿನಿಂದ 50 ಹರ್ಟ್ಸ್ ಸುತ್ತಿನ ಮಂದ್ರ ನಾದ ಹೊರಡುವುದೇ ಇಲ್ಲ. ಗಂಡಸರ ತಂಬೂರಿಯ ಮಂದ್ರ ತಂತಿಗಿಂತಲೂ ಕೆಳಗಿನ ಆ ನಾದದ ಮೇಲೆಯೇ ಇಡೀ ಹಾಡು ನಿಂತಿದೆ. ಅದು ಕೇಳಿಸದಿದ್ದರೆ ಉಳಿಯುವುದು ಡಬ್ಬಿಯೊಳಗೆ ಹರಳು ಅಲ್ಲಾಡಿಸಿದಂಥ ಸದ್ದು. ಅರ್ಧ ಹಾಡು ಕೇಳಿ ಪೂರ್ಣ ತೀರ್ಪು ಕೊಟ್ಟಿದ್ದಾರೆ.

"ನಮ್ಮ ಪರಂಪರೆಗೆ ಒಗ್ಗದು" ಎಂದವರು ಅದೇ ಸಂಜೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತಿದ್ದರು. ಯೂರೋಪಿನಿಂದ ಬಂದ ಆ ಪೆಟ್ಟಿಗೆಯನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟು 1971ರವರೆಗೆ ಒಳಗೆ ಬಿಡಲಿಲ್ಲ. ಸರಕಾರದ ನಿಷೇಧಗಳು ಎಷ್ಟು ನಿಧಾನವಾಗಿ ಸಡಿಲುತ್ತವೆ ಎಂಬುದನ್ನು ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ತಂದಾಗ, ಅಚ್ಚಿನ ಕವಿತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಮನೆಗೆ ಹೋದದ್ದೂ ಹೊಸತೇ ಆಗಿತ್ತಲ್ಲವೆ? ಸದ್ದಿನ ಮಾತೇ ಆದರೆ, ಅದೇ ಪಟ್ಟಿಯಲ್ಲಿ ಡೊಳ್ಳು ಕುಣಿತವಿತ್ತು. ಆಗ ಯಾರೂ ಕಿವಿಗೆ ಹತ್ತಿ ಇಟ್ಟುಕೊಂಡದ್ದು ಕಾಣಲಿಲ್ಲ.

ತೊಡಕು ಸದ್ದಿನದಲ್ಲವೆಂದೇ ನಮ್ಮ ಗುಮಾನಿ. ನಾಡತಾಯಿಯನ್ನು ಹೊಗಳಿದರೆ ಹಾಡು, ಸತ್ತ ಅಜ್ಜಿಯನ್ನು ನೆನೆದು ಅಪ್ಪನನ್ನು ಪ್ರಶ್ನಿಸಿದರೆ ಗದ್ದಲ! ನಾಲ್ಕು ಜನರೆದುರು ಮನೆಯ ಮಾತು ಬೇಡವೆಂದು ಒಬ್ಬ ಹಿರಿಯರು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು ಸಹ, ನಮ್ಮ ಮಾನ ಕಾಯುವ ಸದುದ್ದೇಶದಿಂದ. ಅವರಿಗೆ ನಾವು ಋಣಿ. ಆದರೆ ಮಾನ ನಮ್ಮದು, ಹೋದರೆ ಹೋಗಲಿ.

ಯುಗಾದಿ ಕಾರ್ಯಕ್ರಮದಲ್ಲಿ ನಾಲ್ಕೂವರೆ ನಿಮಿಷ ಕೊಡಿ. ದೊಡ್ಡ ಸ್ಪೀಕರುಗಳ ಬಾಡಿಗೆ ನಾವು ಕೊಡುತ್ತೇವೆ. ಹುಡುಗ ಒಪ್ಪುತ್ತಾನೋ ಇಲ್ಲವೋ ಹೇಳಲಾರೆವು. ಕಾರ್ಯದರ್ಶಿಗಳೇ ಅವನಿಗೆ ಫೋನು ಮಾಡುವುದು ಒಳ್ಳೆಯದು. ನಮ್ಮ ಮಾತನ್ನು ಅವನು ಸದ್ಯಕ್ಕೆ ಕೇಳುತ್ತಿಲ್ಲ.